ಸೇತುವೆ ಕೆಳಗೆ ಸಿಕ್ಕವಳು, ತೌಡು ಕೊಟ್ಟು ತಂದವಳು

ನಾವು ದಕ್ಷಿಣ ಕೊರಿಯಾದ ಬೂಸಾನ್‌ಗೆ ಹೋಗಿದ್ದು ಊರು ನೋಡಲು ಅಲ್ಲ, ತಮ್ಮನನ್ನು ನೋಡಲು. ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆ ಅಂತ ಎರಡು ವರ್ಷದಿಂದ ಕೂತಿದ್ದಾನೆ. ಊರಿಗೆ ಬಾ ಅಂದರೆ ರಜೆ ಇಲ್ಲ ಅನ್ನುತ್ತಾನೆ. ಕಡೆಗೆ ಅಮ್ಮನೇ, "ಅವ ಬರುವುದಿಲ್ಲ, ನಾವೇ ಹೋಗುವ" ಅಂದಳು. ಅಮ್ಮ ಮಲ್ಪೆಯವಳು, ಎಪ್ಪತ್ತು ದಾಟಿದೆ. ಅವಳು, ನಾನು, ಹನ್ನೊಂದು ವರ್ಷದ ನನ್ನ ಮಗಳು, ಮೂವರೇ ಹೊರಟೆವು. ಜನವರಿಗೆ ಟಿಕೆಟ್ ಅಗ್ಗ ಸಿಕ್ಕಿತ್ತು. ಯಾಕೆ ಅಗ್ಗ ಅಂತ ಇಳಿದ ಮೇಲೆ ಗೊತ್ತಾಯಿತು.

ರಾಜಧಾನಿ ಸೋಲ್‌ನಲ್ಲಿ ಎರಡು ದಿನ ಇದ್ದೆವು. ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ ಅರಮನೆ ನೋಡಿದೆವು. ಆ ಫೋಟೊಗಳಲ್ಲಿ ನಮ್ಮ ಮೂಗು ಬಿಟ್ಟು ಬೇರೇನೂ ಕಾಣುವುದಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಅಲ್ಲಿಂದ ಕೆಟಿಎಕ್ಸ್ ರೈಲು ಹತ್ತಿ ಮೂರು ಗಂಟೆಯೊಳಗೆ ಬೂಸಾನ್. ಇಲ್ಲಿ ಚಳಿ ಸೊನ್ನೆಯ ಆಚೀಚೆ. ಕೊರಿಯಾದವರು ಇದನ್ನು ಬೆಚ್ಚಗಿನ ಊರು ಅನ್ನುತ್ತಾರೆ, ಅನ್ನಲಿ. ಅಮ್ಮನ ಬ್ಯಾಗಿನಲ್ಲಿದ್ದ ತೆಂಗಿನೆಣ್ಣೆ ಬಾಟಲಿಯೊಳಗೆ ಮೇಣದಂತೆ ಗಟ್ಟಿಯಾಗಿತ್ತು. ಆದರೆ ತಮ್ಮನ ಮನೆಯ ನೆಲ ಬಿಸಿ. ಒಂದೊಲ್ ಅಂತಾರೆ, ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತಿರುತ್ತದೆ. ಅಮ್ಮ ಮಂಚದ ಕಡೆ ತಿರುಗಿಯೂ ನೋಡಲಿಲ್ಲ. ನೆಲದ ಮೇಲೆ ಚಾದರ ಹಾಸಿ ಮಲಗಿದಳು, ತಲೆ ಪಕ್ಕ ಎಣ್ಣೆ ಬಾಟಲಿ ಇಟ್ಟುಕೊಂಡಳು. ಬೆಳಿಗ್ಗೆ ಎಣ್ಣೆ ಕರಗಿತ್ತು. "ಇವರಿಗೆ ಬುದ್ಧಿ ಉಂಟು" ಅಂತ ಕೊರಿಯಾಕ್ಕೆ ಮೊದಲ ಸರ್ಟಿಫಿಕೇಟು ಕೊಟ್ಟಳು.

ಹೆಉಂಡೆ ಬೀಚಿಗೆ ಸೂರ್ಯೋದಯಕ್ಕೆ ಹೋದೆವು. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳೂವರೆಗೆ, ಹಾಗಾಗಿ ನಿದ್ದೆಗೆಡುವ ತಾಪತ್ರಯ ಇಲ್ಲ. ನಮ್ಮ ಕಡೆ ಸೂರ್ಯ ಸಮುದ್ರಕ್ಕೆ ಮುಳುಗುವುದು ಗೊತ್ತು, ಹುಟ್ಟುವುದು ಗುಡ್ಡದ ಆಚೆ. ಇಲ್ಲಿ ನೀರಿನೊಳಗಿಂದಲೇ ಎದ್ದು ಬಂದ. ಅಮ್ಮ ಕೈ ಮುಗಿದಳು. ಆಮೇಲೆ ನನ್ನ ಕಡೆ ವಾಲಿ, "ಉಲ್ಟಾ ಆಯ್ತಲ್ಲ" ಅಂದಳು. ಬೀಚಿನ ಹಿಂದೆ 411 ಮೀಟರಿನ ಗಾಜಿನ ಕಟ್ಟಡ ನಿಂತಿದೆ, 101 ಅಂತಸ್ತು. ಎಲ್ಲರೂ ಅದರ ಫೋಟೊ ತೆಗೆಯುತ್ತಿದ್ದರು. ನನಗೆ ಅದು ಬೆಂಗಳೂರಿನ ಯಾವುದೋ ಟೆಕ್ ಪಾರ್ಕು ಸಮುದ್ರ ನೋಡಲು ರಜೆ ಹಾಕಿ ಬಂದ ಹಾಗೆ ಕಂಡಿತು.

ಗಮ್‌ಚಾನ್ ಎಂಬ ಬಣ್ಣಬಣ್ಣದ ಮನೆಗಳ ಗುಡ್ಡ ಬೂಸಾನ್‌ನ ಎಲ್ಲ ಪೋಸ್ಟರುಗಳಲ್ಲೂ ಇದೆ. ಅಲ್ಲಿ ಒಂದು ಗೊಂಬೆಯ ಪಕ್ಕ ಕೂತು ಫೋಟೊ ತೆಗೆಸಿಕೊಳ್ಳಲು ಮುಕ್ಕಾಲು ಗಂಟೆ ಕ್ಯೂ. ಮಗಳು ನಿಂತಳು, ನಾವು ನಿಲ್ಲಲಿಲ್ಲ. ಅದಕ್ಕಿಂತ ನನ್ನನ್ನು ಹಿಡಿದಿದ್ದು ಪಕ್ಕದ ಗುಡ್ಡ, ಅಮಿ-ದೊಂಗ್. ಜಪಾನೀಯರ ಕಾಲದಲ್ಲಿ ಅದು ಅವರ ಸ್ಮಶಾನ. 1950ರಲ್ಲಿ ಕೊರಿಯಾ ಯುದ್ಧ ಶುರುವಾಗಿ ಉತ್ತರದಿಂದ ಜನ ಓಡಿ ಬಂದಾಗ ಬೂಸಾನ್‌ನಲ್ಲಿ ಕಾಲಿಡಲೂ ಜಾಗ ಇರಲಿಲ್ಲ. ಬಂದವರು ಸಮಾಧಿಗಳ ಮೇಲೇ ಮನೆ ಕಟ್ಟಿಕೊಂಡರು. ಸಮಾಧಿ ಕಲ್ಲುಗಳೇ ಮೆಟ್ಟಿಲು, ಗೋಡೆಯ ಬುಡ. ಒಂದು ಕಲ್ಲಿನ ಮೇಲೆ ಈಗಲೂ ಅಕ್ಷರ ಕಾಣುತ್ತದೆ. ಅದರ ಪಕ್ಕದಲ್ಲಿ ಗ್ಯಾಸ್ ಸಿಲಿಂಡರು, ಒಣಗಲು ಹಾಕಿದ ಕೈಚೀಲ.

ಈಗ ಆ ಸೇತುವೆಯ ವಿಷಯ. ಹೇಳಬೇಕಾದ್ದು ಇದೇ.

ಯಂಗ್‌ದೊ ಸೇತುವೆ ಕಟ್ಟಿದ್ದು 1934ರಲ್ಲಿ. ಊರಿಗೂ ಯಂಗ್‌ದೊ ದ್ವೀಪಕ್ಕೂ ನಡುವೆ ಇದೆ. ಹಡಗು ಹೋಗಲೆಂದು ಅದರ ಒಂದು ತುಂಡು ಬಾಗಿಲಿನಂತೆ ಮೇಲಕ್ಕೇಳುತ್ತದೆ. ಯುದ್ಧದಲ್ಲಿ ಚದುರಿಹೋದ ಮನೆಮಂದಿಗೆ ಬೂಸಾನ್‌ನಲ್ಲಿ ಗೊತ್ತಿದ್ದ ಗುರುತು ಅದೊಂದೇ. ಹಾಗಾಗಿ "ಯಂಗ್‌ದೊ ಸೇತುವೆ ಹತ್ತಿರ ಸಿಗೋಣ" ಅಂತ ಹೇಳಿಕೊಂಡೇ ಬೇರೆಯಾಗುತ್ತಿದ್ದರಂತೆ. 1966ರಲ್ಲಿ ಎತ್ತುವುದನ್ನು ನಿಲ್ಲಿಸಿದರು. 2013ರಲ್ಲಿ ಹೊಸದಾಗಿ ಕಟ್ಟಿ ಮತ್ತೆ ಎತ್ತಲು ಶುರು ಮಾಡಿದರು.

ದಿನಾ ಮಧ್ಯಾಹ್ನ ಎರಡಕ್ಕೆ ಎತ್ತುತ್ತಾರೆ ಅಂತ ನಾನು ಎಲ್ಲೋ ಓದಿ ಬರೆದಿಟ್ಟುಕೊಂಡಿದ್ದೆ. ಬುಧವಾರ ಒಂದನೇ ಲೈನಿನ ಮೆಟ್ರೊ ಹಿಡಿದು ನಾಂಪೊ ಸ್ಟೇಷನ್ನಿನಲ್ಲಿ ಇಳಿದು, ಒಂದೂವರೆಗೇ ಹೋಗಿ ನಿಂತೆವು. ಎರಡಾಯಿತು. ಎರಡೂಕಾಲಾಯಿತು. ಸೇತುವೆ ಮೇಲೆ ಬಸ್ಸುಗಳು ಆರಾಮಾಗಿ ಓಡಾಡುತ್ತಿದ್ದವು. ನಮ್ಮ ಜೊತೆ ಬೇರೆ ಯಾರೂ ಕಾಯುತ್ತಿಲ್ಲ ಅನ್ನುವುದು ನನಗೆ ಹೊಳೆದಿದ್ದೇ ತಡವಾಗಿ. ತಮ್ಮನಿಗೆ ಫೋನ್ ಮಾಡಿದರೆ, "ಅಯ್ಯೋ ಅಕ್ಕಾ, ಈಗ ಶನಿವಾರ ಮಾತ್ರ ಎತ್ತೋದು" ಅಂದ. ಚಳಿಗಾಳಿಯಲ್ಲಿ ನಲವತ್ತೈದು ನಿಮಿಷ! ಅಮ್ಮ ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿ ಇತ್ತು. ನೀವು ಹೋಗುವುದಾದರೆ ದಿನ, ಹೊತ್ತು ಎರಡನ್ನೂ ಹೊರಡುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ. ಇನ್ನೊಂದು, ನಾವು ಇಲ್ಲಿ ದಿನಾ ಬಳಸುವ ಮ್ಯಾಪು ಅಲ್ಲಿ ನಡೆದು ಹೋಗುವ ದಾರಿ ತೋರಿಸಲಿಲ್ಲ. ನೇವರ್ ಮ್ಯಾಪ್ ಹಾಕಿಕೊಂಡು ಹೋಗಿ.

ಇನ್ನು ಮಾಡುವುದೇನು, ಅಲ್ಲೇ ಹತ್ತಿರದ ಜಗಲ್‌ಚಿ ಮೀನು ಮಾರ್ಕೆಟ್ಟಿಗೆ ನಡೆದೆವು. ಅಮ್ಮನ ಕಿವಿಗೆ ಅದು "ಜಗಲಿ" ಅಂತ ಬಿತ್ತು. ಕೊನೆಯವರೆಗೂ ಜಗಲಿ ಮಾರ್ಕೆಟ್ಟೇ.

ಬೆಳಿಗ್ಗೆಯಿಂದ ನನ್ನ ತೋಳು ಹಿಡಿದು ನಡೆಯುತ್ತಿದ್ದ ಅಮ್ಮ ಮಾರ್ಕೆಟ್ಟಿನ ಬಾಯಿಯಲ್ಲಿ ತೋಳು ಬಿಟ್ಟಳು. ಒದ್ದೆ ನೆಲ, ರಬ್ಬರ್ ಬೂಟು ಹಾಕಿದ ಹೆಂಗಸರು, ಕೆಂಪು ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಜೋಡಿಸಿಟ್ಟ ಮೀನು. ಅಮ್ಮ ಗಟ್ಟಿಯಾಗಿ ಹಾಜರಿ ಹಾಕತೊಡಗಿದಳು. "ಪಾಂಬೋಲ್... ಬೊಂಡಾಸ್... ಮರುವಾಯಿ... ಇದೆಂತ ಮಾರಾಯ್ತಿ?" ಅದು ಮೊಂಗೆ ಅನ್ನುವ ಕಡಲಜೀವಿ, ಕಿತ್ತಳೆ ಬಣ್ಣ, ಮೈಯೆಲ್ಲ ಗುಳ್ಳೆ. ಮಗಳು ಅದನ್ನು ಹಣ್ಣು ಅಂದುಕೊಂಡಿದ್ದಳು. ಒಂದು ತೊಟ್ಟಿಯಿಂದ ಆಕ್ಟೋಪಸ್ ಮೆಲ್ಲಗೆ ಹೊರಗೆ ಕಾಲು ಚಾಚಿ ತಪ್ಪಿಸಿಕೊಳ್ಳಲು ನೋಡುತ್ತಿತ್ತು. ಮಾರುವವಳು ಫೋನಿನಲ್ಲಿ ಮಾತಾಡುತ್ತಲೇ ಅದನ್ನು ಹಿಡಿದು ವಾಪಸ್ ಎಸೆದಳು.

ಆಮೇಲೆ ಬಂಗುಡೆ ಕಂಡಿತು. ನಮ್ಮ ಬಂಗುಡೆಗಿಂತ ಉದ್ದ, ಬೆನ್ನ ಮೇಲೆ ಹಾವು ಹರಿದಂಥ ಗೆರೆ. ಅಲ್ಲಿ ಗೊದುಂಗೊ ಅಂತಾರೆ, ಬೂಸಾನ್‌ನ ನಗರ ಮೀನು ಅದೇ. ಅಮ್ಮ ನೇರ ಹೋಗಿ ಒಂದರ ಕಿವಿರು ಎತ್ತಿ ಕೆಂಪಗಿದೆಯಾ ಅಂತ ನೋಡಿದಳು.

ಬೈಗುಳ ಬಿತ್ತು. ಅಲ್ಲಿ ಮೀನನ್ನು ಕಣ್ಣಿನಲ್ಲಿ ನೋಡಬೇಕು, ಮುಟ್ಟುವಂತಿಲ್ಲ. ನಾನು ಗಾಬರಿಯಾಗಿ ಬಗ್ಗಿ ಬಗ್ಗಿ ಕ್ಷಮೆ ಕೇಳುತ್ತಿದ್ದೆ. ಅಮ್ಮ ಅಲ್ಲಾಡಲಿಲ್ಲ. ಅಚ್ಚ ತುಳುವಿನಲ್ಲಿ, "ಏತ್ ಮಾರಾಯ್ತಿ?" ಅಂದಳು. ಆ ಹೆಂಗಸು ಕೊರಿಯನ್‌ನಲ್ಲಿ, "ಮಾನ್ ವೊನ್." ಹತ್ತು ಸಾವಿರ ವೊನ್, ಆರುನೂರು ರೂಪಾಯಿ ಚಿಲ್ಲರೆ. ಎಷ್ಟು ಅಂತ ಕೇಳಿದ್ದು ಆಕೆಗೆ ಹೇಗೆ ಗೊತ್ತಾಯಿತೋ. ಮೀನು ಮಾರುವವರಿಗೆ ಇನ್ನೇನು ಕೇಳುತ್ತಾರೆ, ಅಲ್ವಾ?

"ನಾಲ್ಕು ಬಂಗುಡೆಗಾ?" ಅಂತ ಅಮ್ಮ ಮುಖ ಮಾಡಿದಳಲ್ಲ, ಆ ಮುಖಕ್ಕೆ ಅನುವಾದ ಬೇಕಾಗಲಿಲ್ಲ. ಹೆಂಗಸು ನಕ್ಕಳು. ವಯಸ್ಸು ಹೆಚ್ಚುಕಡಿಮೆ ಅಮ್ಮನದೇ. ಕೈಗೆ ಗುಲಾಬಿ ರಬ್ಬರ್ ಗ್ಲೌಸು, ಕೂರಲು ವಿದ್ಯುತ್ತಿನ ಬಿಸಿ ಚಾಪೆ ಹಾಕಿದ ಮಣೆ. ಸ್ವಲ್ಪ ಸರಿದು ಅಮ್ಮನಿಗೂ ಜಾಗ ಮಾಡಿಕೊಟ್ಟಳು. ಬಿಸಿ ಚಾಪೆ ಅಂದರೆ ಅಮ್ಮ ಬಿಡುತ್ತಾಳಾ? ಕೂತೇಬಿಟ್ಟಳು.

"ನನ್ನ ಅಮ್ಮನೂ ಬುಟ್ಟಿ ಹೊತ್ತು ಮೀನು ಮಾರಿದವಳೇ, ಮಲ್ಪೆಯಿಂದ ಉಡುಪಿಗೆ ನಡೆದು. ಹೇಳು ಇವಳಿಗೆ" ಅಂತ ಅಪ್ಪಣೆಯಾಯಿತು. ತಮ್ಮ ಹಾಕಿಕೊಟ್ಟಿದ್ದ ಅನುವಾದದ ಆಪಿನಲ್ಲಿ ಕನ್ನಡವೇ ಇಲ್ಲ, ಇನ್ನು ತುಳು ಎಲ್ಲಿ. ಅಮ್ಮನ ಮಾತನ್ನು ಮಗಳು ಇಂಗ್ಲಿಷಿನಲ್ಲಿ ಫೋನಿಗೆ ಹೇಳುವುದು, ಫೋನು ಅದನ್ನು ಕೊರಿಯನ್‌ನಲ್ಲಿ ಒದರುವುದು. ವಾಪಸ್ ಬರುವಾಗ ತೊಂದರೆ. ಆ ಹೆಂಗಸಿನದು ಬೂಸಾನ್ ಕಡೆಯ ಗಡಸು ಮಾತು, ಫೋನಿಗೆ ಸೋಲ್‌ನ ನಯದ ಕೊರಿಯನ್ ಮಾತ್ರ ಪಾಠವಾಗಿದೆ. ಅರ್ಧಕ್ಕರ್ಧ ಬೇರೇನೋ ಆಗಿ ಬರುತ್ತಿತ್ತು. ಒಂದು ಸಲ "ನಿಮ್ಮ ಬೆನ್ನು ರುಚಿಯಾಗಿದೆಯೇ" ಅಂತ ಕೇಳಿತು.

ನೀವು ಈ ಊರಿನವರೇನಾ ಅಂತ ಅಮ್ಮ ಕೇಳಿಸಿದಳು. ಹೆಂಗಸು ಸೇತುವೆ ಕಡೆ ಕೈ ತೋರಿಸಿ ಏನೋ ಅಂದಳು. ಫೋನಿನ ಮೇಲೆ ಈ ಸಲ ಸ್ವಚ್ಛವಾಗಿ ಬಂತು: "ನನ್ನನ್ನು ಯಂಗ್‌ದೊ ಸೇತುವೆಯ ಕೆಳಗಿನಿಂದ ಎತ್ತಿಕೊಂಡು ಬಂದರು."

ಮಗಳು ಓದಿ ಹೇಳಿದಳು. ನಮಗೆ ಮಾತೇ ಹೊರಡಲಿಲ್ಲ. ಯುದ್ಧದ ಕಾಲ, ಸೇತುವೆಯ ಕೆಳಗೆ ಬಿಟ್ಟು ಹೋದ ಕೂಸು. ಹಿಂದಿನ ದಿನವಷ್ಟೇ ಸಮಾಧಿ ಕಲ್ಲಿನ ಮೆಟ್ಟಿಲು ನೋಡಿ ಬಂದಿದ್ದೆವಲ್ಲ, ಎಲ್ಲ ಸೇರಿ ನನ್ನ ಗಂಟಲು ಕಟ್ಟಿತು. ಅಮ್ಮ ಆ ಗುಲಾಬಿ ಗ್ಲೌಸಿನ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಕಣ್ಣಲ್ಲಿ ನೀರು.

ಹೆಂಗಸು ಒಂದು ಕ್ಷಣ ಅಮ್ಮನ ಮುಖ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಪಕ್ಕದ ಅಂಗಡಿಯವಳಿಗೆ ಕೂಗಿ ಹೇಳಿದಳು, ಅವಳೂ ನಕ್ಕಳು, ಆಚೆಯವಳೂ ನಕ್ಕಳು. ಇಡೀ ಸಾಲು ನಗುತ್ತಿದೆ, ನಾವು ಮೂವರು ಶೋಕದಲ್ಲಿ ನಿಂತಿದ್ದೇವೆ. ಕಡೆಗೆ ಐಸ್ ತಳ್ಳಿಕೊಂಡು ಬಂದ ಹುಡುಗನೊಬ್ಬ ಹರುಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಬೂಸಾನ್‌ನಲ್ಲಿ ಎಲ್ಲ ತಾಯಂದಿರೂ ಮಕ್ಕಳಿಗೆ ಹೀಗೇ ಹೇಳುತ್ತಾರಂತೆ. ಹಠ ಮಾಡಿದರೆ, ನಾನೆಲ್ಲಿಂದ ಬಂದೆ ಅಂತ ಕೇಳಿದರೆ: ನಿನ್ನನ್ನು ಯಂಗ್‌ದೊ ಸೇತುವೆ ಕೆಳಗಿಂದ ಎತ್ತಿಕೊಂಡು ಬಂದಿದ್ದು, ನಿನ್ನ ಅಸಲಿ ಅಮ್ಮ ಅಲ್ಲೇ ಇದ್ದಾಳೆ, ಹೋಗು. "ನನಗೂ ಹೇಳಿದ್ದಾರೆ" ಅಂದ ಹುಡುಗ.

ಅಮ್ಮ ಕಣ್ಣೊರೆಸಿಕೊಂಡಳು. ನನ್ನ ಕಡೆ ಬೆರಳು ತೋರಿಸಿ, "ಇವಳನ್ನು ತೌಡು ಕೊಟ್ಟು ತಂದದ್ದು" ಅಂದಳು.

ನಿಜ. ನನಗೆ ಎಂಟು ವರ್ಷ ಆಗುವವರೆಗೂ ಹಾಗೇ ಹೇಳಿದ್ದಳು. ಒಂದು ಸೇರು ತೌಡು. ನಾನು ಅತ್ತಿದ್ದು ತಂದರು ಅನ್ನುವುದಕ್ಕಲ್ಲ, ಅಕ್ಕಿಯನ್ನಾದರೂ ಕೊಡಬಾರದಿತ್ತಾ ಅಂತ. ಮಗಳು ಬಿದ್ದು ಬಿದ್ದು ನಗುತ್ತಾ ತೌಡಿಗೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಕೇಳಿದಳು. ಹೇಳಿದೆ. ಫೋನು "ಸ್ಸಾಲ್‌ಗ್ಯೊ" ಅಂದಿತು. ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ತೊಡೆ ತಟ್ಟಿಕೊಂಡು ನಕ್ಕಳು. ಆ ದಪ್ಪ ಜಾಕೆಟ್ಟಿನಲ್ಲಿ ನಾನೂ ತೌಡಿನ ಮೂಟೆಯ ಹಾಗೇ ಇದ್ದೆ.

ಆಮೇಲೆ ಆಕೆ ಸ್ವಲ್ಪ ಸೀರಿಯಸ್ಸಾಗಿ ಇನ್ನೂ ಏನೋ ಹೇಳಿದಳು. ಹುಡುಗ ಐಸ್ ತಳ್ಳಿಕೊಂಡು ಹೋಗಿಯಾಗಿತ್ತು, ಫೋನೇ ಗತಿ. ತುಂಡು ತುಂಡಾಗಿ ಬಂದದ್ದನ್ನು ಜೋಡಿಸಿದರೆ ಇಷ್ಟು. ಆಕೆಯ ತಾಯಿ ಉತ್ತರದ ಹಂಗ್ನಮ್ ಬಂದರಿನಿಂದ ಹಡಗಿನಲ್ಲಿ ಬಂದವಳು. 1950ರ ಡಿಸೆಂಬರಿನಲ್ಲಿ ಅಲ್ಲಿಂದ ಸುಮಾರು ಒಂದು ಲಕ್ಷ ಜನರನ್ನು ಹಡಗು ತುಂಬಿಸಿ ದಕ್ಷಿಣಕ್ಕೆ ಸಾಗಿಸಿದ್ದರು. ತಾಯಿಯ ಜೊತೆಗಿದ್ದ ಅವಳ ಅಣ್ಣ ಬೇರೆ ಹಡಗು ಹತ್ತಿದ. ತಾಯಿ ಮೀನು ಮಾರಲು ಇಲ್ಲೇ ಕೂತಿದ್ದು ಸೇತುವೆ ಹತ್ತಿರ ಅಂತ. ಅಣ್ಣ ಬಂದನಾ ಅಂತ ಅಮ್ಮ ಕೇಳಿಸಿದಳು. ಆಕೆ ಉತ್ತರ ಕೊಡುವ ಮೊದಲೇ ಗಿರಾಕಿ ಬಂದರು, ಎದ್ದಳು. ಮೀನು ಕತ್ತರಿಸಿ, ನೀರು ಸುರಿದು, ಚಿಲ್ಲರೆ ಕೊಟ್ಟು ವಾಪಸ್ ಬಂದು ಕೂತಾಗ ಮಾತು ಮೊಮ್ಮಕ್ಕಳ ಮೇಲೆ ಹೋಯಿತು. ಅಮ್ಮ ಮತ್ತೆ ಕೇಳಲಿಲ್ಲ.

ಆ ನಾಲ್ಕು ಬಂಗುಡೆಗೆ ರಾತ್ರಿ ತಮ್ಮನ ಮನೆಯಲ್ಲಿ ಪುಳಿಮುಂಚಿ. ಹುಣಸೆಹಣ್ಣು ಊರಿಂದಲೇ ಬಂದಿತ್ತು, ಬ್ಯಾಡಗಿ ಮೆಣಸು ಮರೆತಿತ್ತು. ಕೊರಿಯಾದ ಮೆಣಸಿನ ಪುಡಿ ಹಾಕಿದಳು. ಬಣ್ಣ ಬ್ಯಾಡಗಿಯದೇ, ಖಾರ ಮಾತ್ರ ಸುಮ್ನೆ ಹೆಸರಿಗೆ. ಆದರೂ ತಮ್ಮ ಪಾತ್ರೆ ತಳ ಬೆರಳಿನಲ್ಲಿ ಸವರಿದ. ಹೊರಗೆ ಹೋಟೆಲಿನಲ್ಲಿ ಅದೇ ಮೀನಿಗೆ ಬರೀ ಉಪ್ಪು ಸವರಿ ಸುಟ್ಟು ಕೊಡುತ್ತಾರೆ. ನನಗೆ ಅದೇ ಜಾಸ್ತಿ ಇಷ್ಟ ಆಯಿತು. ಅಮ್ಮನೆದುರು ಬಾಯಿ ಬಿಡಲಿಲ್ಲ.

ಗುರುವಾರ, ಶುಕ್ರವಾರ ದೇವಸ್ಥಾನ, ಕೇಬಲ್ ಕಾರು, ಮಗಳಿಗೆ ಶಾಪಿಂಗು.

ಶನಿವಾರ ತಮ್ಮನನ್ನೂ ಎಳೆದುಕೊಂಡು ಮತ್ತೆ ಸೇತುವೆಗೆ. ಈ ಸಲ ಜನ ಸೇರಿದ್ದರು. ಎರಡಕ್ಕೆ ಸರಿಯಾಗಿ ಸೈರನ್ ಆಯಿತು, ಬಸ್ಸುಗಳು ನಿಂತವು. ರಸ್ತೆ ಅದರ ಮೇಲಿನ ಬಿಳಿ ಗೆರೆಗಳ ಸಮೇತ ನಿಧಾನಕ್ಕೆ ಎದ್ದು ಗೋಡೆಯಾಗಿ ನಿಂತಿತು. ಎಲ್ಲರ ಫೋನು ಮೇಲಕ್ಕೆ. ಅಮ್ಮ ಮಾತ್ರ ಕಟಕಟೆ ಹಿಡಿದು ಬಗ್ಗಿ ಸೇತುವೆಯ ಕೆಳಗೆ ನೋಡುತ್ತಿದ್ದಳು. ಕಾಂಕ್ರೀಟು, ಹಗ್ಗ ಕಟ್ಟುವ ಕಬ್ಬಿಣದ ಗೂಟ, ಎರಡು ಕಡಲಹಕ್ಕಿ. "ಇಲ್ಲಿ ಮಲಗಿದರೆ ಗಾಳಿ ಎರಡೂ ಕಡೆಯಿಂದ ಬರ್ತದೆ" ಅಂದಳು.

ಕಾಲು ಗಂಟೆಯಲ್ಲಿ ರಸ್ತೆ ಮತ್ತೆ ರಸ್ತೆಯಾಯಿತು. ನಾವು ಜಗಲಿ ಮಾರ್ಕೆಟ್ಟಿಗೆ ನಡೆದೆವು. ತಮ್ಮನಿಗೆ ಒಣಮೀನಿನ ಚಟ್ನಿ ಮಾಡಿಟ್ಟು ಹೋಗಬೇಕು ಅಂತ ಅಮ್ಮನ ಹಠ, ಅದಕ್ಕೆ ಒಣ ಕೊಲ್ಲತರು ಬೇಕು. ನಮ್ಮ ಹೆಂಗಸು ದೂರದಿಂದಲೇ ಗುರುತು ಹಿಡಿದಳು. ನನ್ನತ್ತ ಕೈ ಮಾಡಿ ಪಕ್ಕದವಳಿಗೆ, "ಸ್ಸಾಲ್‌ಗ್ಯೊ!" ಅಂದಳು. ತಮ್ಮ ಹೌಹಾರಿದ. "ಅಕ್ಕಾ, ನಿನ್ನನ್ನ ಯಾಕೆ ತೌಡು ಅಂತಿದಾರೆ?"

ಒಣಮೀನು ಆಕೆಯ ಹತ್ತಿರ ಇರಲಿಲ್ಲ. ಎರಡು ಅಂಗಡಿ ಆಚೆ ತಾನೇ ಕರೆದುಕೊಂಡು ಹೋಗಿ ಅರ್ಧ ಕಿಲೋ ತೂಗಿಸಿದಳು. ಅಮ್ಮ ಚೀಲ ಮುಚ್ಚಲು ಬಿಡದೆ ಹಾಗೇ ಹಿಡಿದು ನಿಂತಳು. ತಮ್ಮನಿಗೆ ನಾಚಿಕೆ. "ಅಮ್ಮಾ, ಇಲ್ಲಿ ಹಾಗೆಲ್ಲ ಕೊಸರು ಕೇಳಬಾರದು" ಅಂತ ಪಿಸುಗುಟ್ಟಿದ. ಒಣಮೀನಿನವಳು ಅಮ್ಮನನ್ನು ನೋಡಿದಳು, ತೆರೆದ ಚೀಲ ನೋಡಿದಳು. "ಸೊಬಿಸು" ಅಂತ ಒಂದು ದೊಡ್ಡ ಹಿಡಿ ತುಂಬಿ ಹಾಕಿದಳು. ಇಂಗ್ಲಿಷಿನ ಸರ್ವಿಸ್ ಅಲ್ಲಿ ಸೊಬಿಸು, ಅಂದರೆ ಪುಕ್ಕಟೆ ಕೊಸರು. ಅಮ್ಮ ಇನ್ನೂ ಚೀಲ ಮುಚ್ಚಿರಲಿಲ್ಲ.