ಬರ್ತಿದೀನಿ, ಬರಾಕತ್ತೀನಿ

ನಮ್ಮ ಮೊದಲ ಹಿಪ್ ಹಾಪ್ ಆಲ್ಬಂನಲ್ಲಿ ಎಂಟು ಹಾಡುಗಳಿವೆ. ಅದರಲ್ಲಿ ಮೂರನೇ ಹಾಡಿನ ಹುಕ್, ಅಂದರೆ ಮತ್ತೆ ಮತ್ತೆ ಬರುವ ಭಾಗ, ರೆಕಾರ್ಡ್ ಮಾಡಿದ ರಾತ್ರಿಯ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು.

ನಾನು ಹಾಸನದವನು. ನನ್ನ ಜೊತೆಗಾರ ಹುಬ್ಬಳ್ಳಿ ಕಡೆಯವನು, ಎಲ್ಲರನ್ನೂ 'ದೋಸ್ತ' ಅಂತಲೇ ಕರೆಯುತ್ತಾನೆ, ಹಾಗಾಗಿ ಇಲ್ಲಿ ಅವನೇ ದೋಸ್ತ. ಬೆಂಗಳೂರಿನ ಮತ್ತಿಕೆರೆಯಲ್ಲಿ ಒಂದು ಮನೆಯ ತಾರಸಿ ಮೇಲಿನ ರೂಮು ನಮ್ಮದು. ಸ್ಟುಡಿಯೋ ಅಂದರೆ ಅದೇ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದಿಟ್ಟು, ಅದರ ಮುಂದೆ ಮೈಕ್ ನಿಲ್ಲಿಸಿ, ಬೆನ್ನ ಹಿಂದೆ ಹಗ್ಗಕ್ಕೆ ಎರಡು ದಪ್ಪ ಚಾದರ ಇಳಿಬಿಡುತ್ತಿದ್ದೆವು. ಬಟ್ಟೆ ದನಿಯನ್ನು ಹೀರಿಕೊಳ್ಳುತ್ತದೆ, ಗೋಡೆಗೆ ಬಡಿದು ವಾಪಸ್ ಬರಲು ಬಿಡುವುದಿಲ್ಲ. ಆದರೆ ಕಂಡೆನ್ಸರ್ ಮೈಕ್ ಬಹಳ ಸೂಕ್ಷ್ಮ. ಪಕ್ಕದ ಮನೆ ಕುಕ್ಕರ್ ಸೀಟಿ, ನೀರಿನ ಮೋಟಾರು, ತರಕಾರಿ ಗಾಡಿಯವರ ಸ್ಪೀಕರ್, ಎಲ್ಲಾ ಹಿಡಿದುಬಿಡುತ್ತೆ. ಅದಕ್ಕೇ ನಮ್ಮ ಕೆಲಸ ಶುರುವಾಗುತ್ತಿದ್ದದ್ದು ರಾತ್ರಿ ಹನ್ನೊಂದರ ಮೇಲೆ.

ಅವತ್ತು ಶನಿವಾರ. ಹನ್ನೊಂದಕ್ಕೆ ಸರಿಯಾಗಿ ಮಳೆ ಹಿಡಿಯಿತು. ಪಕ್ಕದ ಮನೆಯ ತಗಡಿನ ಶೀಟ್ ಮೇಲೆ ಎಂಥಾ ಸದ್ದು ಅಂದರೆ ನಾವಿಬ್ಬರೂ ಕೂಗಿ ಮಾತಾಡಬೇಕಿತ್ತು. ರೆಕಾರ್ಡಿಂಗ್ ಅಂತೂ ಆಗುವಂತಿರಲಿಲ್ಲ. ಕೂತೆವು, ಜಗಳ ಶುರುವಾಯಿತು.

ಹಾಡು ಊರಿಗೆ ಹೋಗುವ ರಾತ್ರಿ ಬಸ್ಸಿನ ಬಗ್ಗೆ. ಮೆಜೆಸ್ಟಿಕ್‌ನಲ್ಲಿ ನಿಂತು ಮನೆಗೆ ಫೋನ್ ಮಾಡ್ತೀವಲ್ವಾ, 'ಅಮ್ಮಾ ಬರ್ತಿದೀನಿ' ಅಂತ, ಅದೇ ಹುಕ್. ಅದಕ್ಕೆ ಮುಂಚೆ ನಮ್ಮ ಹಾಡುಗಳನ್ನು ಕೇಳಿದ್ದ ಒಬ್ಬರು, ಈ ಲೈನಿನಲ್ಲಿ ಅನುಭವ ಇದ್ದವರು, ಇಬ್ಬರೂ ಒಂದೇ ಕನ್ನಡದಲ್ಲಿ ಹಾಡಿ, ಹುಬ್ಬಳ್ಳಿ ಭಾಷೆ ಕಾಮಿಡಿ ಥರ ಕೇಳಿಸುತ್ತೆ ಅಂದಿದ್ದರು. ಆ ಮಾತು ನನ್ನ ತಲೆಯಲ್ಲಿ ಕೂತಿತ್ತು. ನಮ್ಮ ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಮಾತನ್ನು ನಗಿಸೋಕೆ ಬಳಸಿಕೊಂಡಿದ್ದೇ ಜಾಸ್ತಿ, ಕೇಳುವವರ ಕಿವಿಗೂ ಅದೇ ಅಭ್ಯಾಸ ಆಗಿಬಿಟ್ಟಿದೆ. ಹಾಗಾಗಿ ನಾನೇ ದೋಸ್ತನಿಗೆ, ಹುಕ್ ಒಂದನ್ನು ಮಾತ್ರ ನನ್ನ ಥರ ಹಾಡು ಮಗಾ, ನಿನ್ನ ವರ್ಸ್, ಅಂದರೆ ನಿನ್ನ ಪಾಲಿನ ಚರಣ, ನಿನ್ನಿಷ್ಟ, ಅಂದೆ.

ಅವನು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಮಳೆ ನೋಡಿದ. ಆಮೇಲೆ ಅಂದ, "ಲೇ ದೋಸ್ತ, ನಾ ನಮ್ಮವ್ವಗ ಫೋನ್ ಹಚ್ಚಿ 'ಬರ್ತಿದೀನಿ' ಅಂದ್ರ, ಯಾರ್ ಮಾತಾಡಾಕತ್ತೀರಿ ಅಂತ ಕೇಳ್ತಾಳ."

ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವನಿಗೆ ಔಟ್‌ಕಾಸ್ಟ್ ಅನ್ನುವ ಹಿಪ್ ಹಾಪ್ ಜೋಡಿ ಅಂದರೆ ಪ್ರಾಣ. ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾದ ಇಬ್ಬರು ಹುಡುಗರು, ಆಂಡ್ರೆ 3000 ಮತ್ತು ಬಿಗ್ ಬಾಯ್. ರಿಕೋ ವೇಡ್ ಅನ್ನುವ ಸಂಗೀತ ನಿರ್ಮಾಪಕನ ತಾಯಿಯ ಮನೆ ಕೆಳಗೆ ಮಣ್ಣಿನ ನೆಲದ ಒಂದು ನೆಲಮಾಳಿಗೆ ಇತ್ತು, ಅವರ ಮೊದಲ ಆಲ್ಬಂ ಬೆಳೆದದ್ದು ಅಲ್ಲಿ, ಬಂದದ್ದು 1994ರಲ್ಲಿ. ಆಗ ಹಿಪ್ ಹಾಪ್ ಅಂದರೆ ನ್ಯೂಯಾರ್ಕ್, ಇಲ್ಲಾಂದ್ರೆ ಲಾಸ್ ಏಂಜಲೀಸ್. 1995ರಲ್ಲಿ ನ್ಯೂಯಾರ್ಕಿನ ವೇದಿಕೆಯಲ್ಲಿ ಹೊಸಬರ ಪ್ರಶಸ್ತಿ ತಗೊಳ್ಳುವಾಗ ಜನ ಕೂಗಿ ಅವಮಾನ ಮಾಡಿದರು. ಆಗಲೇ ಆಂಡ್ರೆ, ದಕ್ಷಿಣದವರಿಗೂ ಹೇಳೋದಿದೆ ಅಂದಿದ್ದು. ದೋಸ್ತ ಇದನ್ನ ನನಗೆ ನೂರು ಸಲ ಹೇಳಿದ್ದಾನೆ. ಅವತ್ತು ಹೇಳಲಿಲ್ಲ. ಹೇಳದೇ ಇದ್ದಿದ್ದಕ್ಕೇ ನನಗೆ ಅದು ನೆನಪಾಯಿತು.

ಒಂದೂವರೆಗೆ ಮಳೆ ನಿಂತಿತು. ನಿಮಿಷಕ್ಕೆ 90 ಬೀಟ್, ನಾಲ್ಕು ಬೀಟಿಗೆ ಒಂದು ಬಾರ್, ಎಂಟು ಬಾರ್‌ನ ಹುಕ್, ಅಂದರೆ ಇಪ್ಪತ್ತೊಂದು ಸೆಕೆಂಡು ಚಿಲ್ಲರೆ. ಮೊದಲು ನಾನು ಹಾಡಿದೆ. 'ಬರ್ತಿದೀನಿ' ನಾಲ್ಕು ಹೆಜ್ಜೆ ಹಾಕಿದ ಹಾಗೆ ಸಲೀಸಾಗಿ ಹೋಗುತ್ತೆ, ಎಲ್ಲೂ ತಡೆಯಲ್ಲ. ಆಮೇಲೆ ಅವನನ್ನು ಕರೆದು, ನಿನ್ನ ಥರಾನೇ ಹಾಡು ಅಂದೆ. 'ಅವ್ವಾ, ಬರಾಕತ್ತೀನಿ.' ಅದು ಬೇರೆ ನಡಿಗೆ. 'ಬರಾ' ಎಳೆದುಕೊಂಡು ಬಂದು, 'ಕತ್ತೀ' ಅನ್ನೋ ಒತ್ತು ಸರಿಯಾಗಿ ಸ್ನೇರ್ ಡ್ರಮ್ಮಿನ ಏಟಿನ ಮೇಲೆ ಬೀಳುತ್ತೆ. ನಾವು ಎಷ್ಟೋ ದಿನದಿಂದ ಈ ಬೀಟ್‌ಗೆ ಏನೋ ಕಡಿಮೆ ಅಂತ ಡ್ರಮ್ ಬದಲಾಯಿಸಿ ಬದಲಾಯಿಸಿ ಸುಸ್ತಾಗಿದ್ದೆವು. ಕಡಿಮೆ ಇದ್ದದ್ದು ಆ ತಕಾರದ ಒತ್ತು. ನನ್ನ ಕನ್ನಡದಲ್ಲಿ ಆ ಜಾಗದಲ್ಲಿ ಅದು ಇರಲೇ ಇಲ್ಲ.

ಯಾವುದು ಇಟ್ಟುಕೊಳ್ಳೋಣ ಅಂತ ಒಂದನ್ನು ಮ್ಯೂಟ್ ಮಾಡಿ ಇನ್ನೊಂದನ್ನು ಕೇಳುತ್ತಾ ಇದ್ದೆವು. ಒಂದು ಸಲ ಎರಡನ್ನೂ ಬಿಟ್ಟು ನೋಡಿದೆ. ಶುರುವಿನಲ್ಲಿ ಎರಡೂ ಬೇರೆ ಬೇರೆ, ಅವನದು ಒಂದು ಕಡೆ, ನನ್ನದು ಒಂದು ಕಡೆ. ಆದರೆ ಕೊನೆಯ 'ಈನಿ' ಇಬ್ಬರದ್ದೂ ಒಂದೇ ಅಲ್ವಾ! ಅಲ್ಲಿ ಎರಡು ದನಿಯೂ ಒಂದೇ ಜಾಗಕ್ಕೆ ಬಂದು ಸೇರಿದವು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ನನ್ನ ಮೈ ಜುಮ್ ಅಂದಿದ್ದು ಈಗಲೂ ನೆನಪಿದೆ.

ಆಮೇಲೆ ಅದನ್ನು ಸರಿಯಾಗಿ ಹಾಡೋಕೆ ಎರಡು ಗಂಟೆ ಹಿಡಿಯಿತು. ಕೊನೆಯ 'ನಿ' ಕೂದಲೆಳೆಯಷ್ಟು ಆಚೀಚೆ ಆದರೂ ಎರಡು ದನಿ ಬೇರೆ ಬೇರೆ ಅಂತ ಗೊತ್ತಾಗಿಬಿಡುತ್ತೆ. ಹದಿನಾಲ್ಕನೇ ಟೇಕ್ ಇಟ್ಟುಕೊಂಡೆವು. ನನ್ನ ದನಿ ಎಡಕ್ಕೆ, ಅವನದು ಬಲಕ್ಕೆ, 'ಈನಿ' ಬರುವಾಗ ಎರಡೂ ನಡುವಿಗೆ. ಮುಗಿದಾಗ ಕೆಳಗೆ ಹಾಲಿನ ಕ್ರೇಟ್ ಇಳಿಸುವ ಸದ್ದು ಕೇಳುತ್ತಿತ್ತು.

ದೋಸ್ತ ಆ ಹುಕ್ ಅಷ್ಟನ್ನೇ ಅವರವ್ವನಿಗೆ ವಾಟ್ಸಾಪ್‌ನಲ್ಲಿ ಕಳಿಸಿ ಮಲಗಿದ. ಬೆಳಿಗ್ಗೆ ಏಳಕ್ಕೆ ಅವರ ಫೋನ್ ಬಂತು. ಹಾಡು ಹೇಗಿದೆ ಅಂತ ಅವರು ಹೇಳಲೇ ಇಲ್ಲ. "ಎಷ್ಟ್ ಗಂಟೆ ಬಸ್ಸಿಗೆ ಬರಾಕತ್ತೀಯೋ?" ಅಂತ ಕೇಳಿದರು. ಅವನು ಊರಿಗೆ ಹೋಗಿ ಐದು ತಿಂಗಳಾಗಿತ್ತು. ಕಣ್ಣುಜ್ಜಿಕೊಂಡು ನನ್ನ ಮುಖ ನೋಡಿದ, ನಾನು ಹೋಗು ಅಂತ ಕೈ ಮಾಡಿದೆ. ರಾತ್ರಿ ಮೆಜೆಸ್ಟಿಕ್‌ನಲ್ಲಿ ಹುಬ್ಬಳ್ಳಿ ಬಸ್ ಹತ್ತಿಸಿ ಬಂದೆ. ಉಳಿದ ಎರಡು ಹಾಡು ಅವನು ವಾಪಸ್ ಬಂದ ಮೇಲೆ ಮುಗಿಸಿದೆವು.