ಲೊಫೊಟೆನ್ ದಿನಚರಿ: ಹಂದರದ ಮೇಲೆ ಒಣಮೀನು

14 ಏಪ್ರಿಲ್ 2024, ಭಾನುವಾರ

ಮೀನಿನ ಹಂಗಾಮು ಮುಗಿಯುತ್ತಾ ಬಂತು. ಜನವರಿಯಿಂದ ಏಪ್ರಿಲ್‌ವರೆಗೆ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನು ಮೊಟ್ಟೆಯಿಡಲು ನಾರ್ವೆಯ ಈ ದ್ವೀಪಗಳತ್ತ ಬರುತ್ತದೆ. ಇಲ್ಲಿನವರು ಅದನ್ನು ‘ಸ್ಕ್ರೈ’ ಎನ್ನುತ್ತಾರೆ. ಊರು ಉತ್ತರ ಧ್ರುವವೃತ್ತದ ಆಚೆಗಿದೆ, ಆದರೂ ಬೆಚ್ಚಗಿನ ಸಾಗರ ಪ್ರವಾಹ ಹಾಯುವುದರಿಂದ ಚಳಿಗಾಲದ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಇಲ್ಲಿನ ಒಣಮೀನಿನ ಕಸುಬು ನಿಂತಿರುವುದೇ ಇದರ ಮೇಲೆ.

ಹಿಡಿದ ಕೂಡಲೇ, ಜೀವ ಇರುವಾಗಲೇ ರಕ್ತ ಬಸಿಯಬೇಕು. ತಡವಾದರೆ ಮಾಂಸ ಕೆಂಪಾಗಿ ದರ್ಜೆ ಬೀಳುತ್ತದೆ. ತಲೆ, ಕರುಳು ತೆಗೆದು, ತೊಳೆದು, ಹೆಚ್ಚುಕಮ್ಮಿ ಒಂದೇ ಗಾತ್ರದ ಎರಡೆರಡು ಮೀನುಗಳ ಬಾಲಕ್ಕೆ ಹುರಿ ಬಿಗಿದು ಮರದ ಹಂದರಕ್ಕೆ ನೇತುಹಾಕುತ್ತಾರೆ. ಗಾತ್ರ ಹೊಂದದಿದ್ದರೆ ಜೋಡಿ ಒಂದು ಕಡೆಗೆ ಜಾರುತ್ತದೆ. ಒಂದಕ್ಕೊಂದು ಅಂಟಿಕೊಂಡರೆ ನಡುವೆ ಗಾಳಿಯಾಡದೆ ಆ ಜಾಗ ಹುಳಿಯುತ್ತದೆ. ಮಳೆನೀರು ಹೊಟ್ಟೆಯೊಳಗೆ ನಿಲ್ಲಬಾರದು, ಹಾಗಾಗಿ ಗಾಳಿ ಬರುವ ದಿಕ್ಕು ನೋಡಿಯೇ ಮೀನನ್ನು ತಿರುಗಿಸುವುದು. ಉಪ್ಪಿನ ಹರಳೂ ಬೇಡ. ನಮ್ಮ ಕರಾವಳಿಯವರಿಗೆ ನಂಬುವುದು ಕಷ್ಟ!

ಹಾಳುಮಾಡುವುದು ಹವೆಯೇ. ಹಸಿ ಮೀನಿಗೆ ಗಟ್ಟಿ ಹಿಮ ಬಡಿದರೆ ಒಳಗಿನ ನೀರು ಹರಳುಗಟ್ಟಿ ಮಾಂಸದ ಎಳೆ ಹರಿಯುತ್ತದೆ; ಒಣಗಿದ ಮೇಲೂ ಸ್ಪಂಜಿನಂತೆ ಪೊಳ್ಳು. ವಸಂತ ಬೇಗ ಬೆಚ್ಚಗಾದರೆ ನೊಣ ಮೊಟ್ಟೆಯಿಡುತ್ತದೆ. ಫೆಬ್ರವರಿಯಲ್ಲಿ ಹಾಕಿದ್ದನ್ನು ಮೇ-ಜೂನ್ ಹೊತ್ತಿಗೆ ಇಳಿಸಿ ಗೋದಾಮಿನಲ್ಲಿ ಇನ್ನೂ ಎರಡು-ಮೂರು ತಿಂಗಳು ಒಣಗಿಸುತ್ತಾರೆ. ತಲೆ ಕಡಿದ ಮೀನು ನಾಲ್ಕೈದು ಕಿಲೊ ಹಾಕಿದರೆ ಕೈಗೆ ಸಿಗುವುದು ಒಂದು ಕಿಲೊ.

ಆಮೇಲಿನ ಕೆಲಸ ‘ವ್ರಾಕರ್’ನದು, ಅಂದರೆ ದರ್ಜೆ ಹಾಕುವವನದು. ಬಣ್ಣ, ಉದ್ದ, ವಾಸನೆ, ಕತ್ತಿನ ಕಡಿತ ನೋಡಿ ಒಂದೊಂದನ್ನೂ ಕೈಯಿಂದಲೇ ಇಪ್ಪತ್ತರಷ್ಟು ದರ್ಜೆಗಳಾಗಿ ಬೇರ್ಪಡಿಸುತ್ತಾನೆ. ಯಂತ್ರಕ್ಕೆ ಇದು ಬಗ್ಗಿಲ್ಲ, ಬಗ್ಗುವಂತೆಯೂ ಕಾಣೆ. ಮೇಲ್ದರ್ಜೆ ಇಟಲಿಗೆ, ಒಣತಲೆ ನೈಜೀರಿಯಾದಲ್ಲಿ ಸಾರು ಮಾಡಲು.

ಇಟಲಿಯ ನಂಟು ಹಳೆಯದು. ವೆನಿಸ್‌ನ ವ್ಯಾಪಾರಿ ಪಿಯೆತ್ರೊ ಕ್ವೆರಿನಿಯ ಹಡಗು 1431ರಲ್ಲಿ ಕ್ರೀಟ್‌ನಿಂದ ಹೊರಟು ಬಿರುಗಾಳಿಗೆ ಸಿಕ್ಕಿತು. ಬದುಕುಳಿದವರು 1432ರ ಜನವರಿಯಲ್ಲಿ ಲೊಫೊಟೆನ್‌ನ ತುದಿಯ ರೋಸ್ಟ್ ದ್ವೀಪದ ಬಳಿ ದಡ ಸೇರಿದರು. ಗಾಳಿಯಲ್ಲಿ ಒಣಗಿ ಕಟ್ಟಿಗೆಯಾಗುವ ಮೀನಿನ ವಿವರ ಅವನ ಬರಹದಲ್ಲಿದೆ. ಅದಕ್ಕೂ ಮುಂಚೆಯೇ ನಾರ್ವೆಯ ಬರ್ಗನ್ ಬಂದರಿನ ಹಾನ್ಸಾ ವರ್ತಕರು, ಅಂದರೆ ಜರ್ಮನ್ ವ್ಯಾಪಾರಿ ಕೂಟದವರು, ಇದೇ ಮೀನನ್ನು ಯುರೋಪಿಗೆಲ್ಲ ಮಾರುತ್ತಿದ್ದರು.

ಅಡುಗೆಗೆ ಐದಾರು ದಿನ ತಣ್ಣೀರಲ್ಲಿ ನೆನೆಸಿ, ದಿನವೂ ನೀರು ಬದಲಿಸಿ. ಪಾತ್ರೆ ಫ್ರಿಜ್ಜಿನಲ್ಲೇ ಇರಲಿ. ಬೆಚ್ಚಗಾದರೆ ಮೀನು ಕೆಡುತ್ತದೆ, ಮನೆಯೆಲ್ಲ ನಾರುತ್ತದೆ.