ಒದ್ದೆ ಪಂಚೆಯ ತುಂಡು

ಇಂದು ನಮ್ಮ ಹಳೆಯ ಕಾರುಗಳ ಬಳಗದ ವಾರ್ಷಿಕ ಪ್ರಯಾಣವಿತ್ತು. ಬೆಳಗಿನ ಆರಕ್ಕೆ ವಿಧಾನಸೌಧದ ಬಳಿ ಸೇರಿ, ಹೆಬ್ಬಾಳ, ದೇವನಹಳ್ಳಿಗಳನ್ನು ದಾಟಿ, ಸುಮಾರು 60 ಕಿಲೋಮೀಟರ್ ದೂರದ ನಂದಿಬೆಟ್ಟದತ್ತ ಸಾಲಾಗಿ ಹೊರಟೆವು.

ಬೆಟ್ಟದ ಅರ್ಧ ದಾರಿಯಲ್ಲಿ ನನ್ನ ಕಾರು ಎರಡು ಬಾರಿ ಕೆಮ್ಮಿ ನಿಂತೇಬಿಟ್ಟಿತು. ಇಂತಹ ಕಾರುಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುವುದರಿಂದ, ಏರುದಾರಿಯ ಕಾವಿಗೆ ಒಳಗಿನ ಪೆಟ್ರೋಲ್ ಆವಿಯಾಗಿ, ಅದನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿಗೆ ತಲುಪುವುದೇ ಇಲ್ಲ. ಇದೆಲ್ಲ ಗೊತ್ತಿದ್ದೂ ನಾನು ಪೆದ್ದನಂತೆ ಮತ್ತೆ ಮತ್ತೆ ಕೀಲಿ ತಿರುಗಿಸುತ್ತಿದ್ದೆ.

ನನ್ನ ಹಿಂದೆ ಬರುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರಿನಿಂದ ಇಳಿದು ಬಂದ ಹಿರಿಯರೊಬ್ಬರು ಕೆಂಪಂಚಿನ ಪಂಚೆಯ ತುಂಡೊಂದನ್ನು ಬಾಟಲಿಯ ನೀರಿನಲ್ಲಿ ನೆನೆಸಿ, ಮಗುವಿನ ಹಣೆಗೆ ಪಟ್ಟಿ ಹಾಕುವಷ್ಟು ನಿಧಾನವಾಗಿ ಪಂಪಿಗೆ ಸುತ್ತಿದರು. "ಅವಸರ ಮಾಡಬೇಡಿ ಸಾರ್, ಅದೂ ಸ್ವಲ್ಪ ಸುಧಾರಿಸಿಕೊಳ್ಳಲಿ" ಎಂದು ರಸ್ತೆಬದಿಯ ಕಟ್ಟೆಯ ಮೇಲೆ ಕುಳಿತರು. ಬೆಂಗಳೂರಿನ ಸಿಗ್ನಲ್‌ನಲ್ಲಿ ಹತ್ತು ಸೆಕೆಂಡಿಗೇ ಹಾರನ್ ಒತ್ತುವ ನಾನು, ಅಲ್ಲಿ ಇಪ್ಪತ್ತು ನಿಮಿಷ ಅವರ ಪಕ್ಕದಲ್ಲಿ ಕುಳಿತು ಮಂಜು ಕರಗುವುದನ್ನು ನೋಡಿದೆ, ಬೇಸರವೇ ಆಗಲಿಲ್ಲ.

ಪಂಚೆಯ ತುಂಡನ್ನು ಹಿಂದಿರುಗಿಸಲು ಮರೆತಿದ್ದೇನೆ. ಈಗ ಅದು ನಮ್ಮ ಬಾಲ್ಕನಿಯಲ್ಲಿ, ಪೆಟ್ರೋಲ್ ವಾಸನೆ ಬೀರುತ್ತ ಒಣಗುತ್ತಿದೆ.